ಕೇಳಿಸದವರು ಕೈ ಎತ್ತಿ

ಜನವರಿ 13, ಸೋಮವಾರ. ಬೆಳಿಗ್ಗೆ

ಮತ್ತೆ ಮೆಟ್ಟಿಲ ಮೇಲೆ. ಗೋಡೆಗೆ ಒರಗಿದರೆ ಸಿಗ್ನಲ್ ಇಲ್ಲ, ಕಿಟಕಿಯ ಕಡೆ ವಾಲಿದರೆ ಇದೆ. ವರ್ಷವಿಡೀ ಒಂದೇ ಪಕ್ಕಕ್ಕೆ ವಾಲಿ ವಾಲಿ ಕತ್ತು ಸೊಟ್ಟಗಾಗಿದೆ. ಕೆಳಗೆ ಅಮ್ಮನ ಲಾಂಡ್ರಿಯಲ್ಲಿ ದೊಡ್ಡ ಯಂತ್ರ ಶುರುವಾಯಿತು. ಮೆಟ್ಟಿಲು ಅದುರುತ್ತದೆ, ಅದರ ಜೊತೆ ನಾನು, ನನ್ನ ಜೊತೆ ಸಂಖ್ಯಾಶಾಸ್ತ್ರ.

ಮೇಷ್ಟ್ರು ಎಂದಿನಂತೆ: "ಕೇಳಿಸ್ತಿದೆಯಾ? ಕೇಳಿಸದವರು ಕೈ ಎತ್ತಿ." ಒಂದು ಉಸಿರಿನಷ್ಟು ಬಿಡುವು. "ಯಾರೂ ಇಲ್ಲ. ಒಳ್ಳೇದು." ಪಾಠ ಶುರು.

ಒಳ್ಳೆಯ ಮನುಷ್ಯ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜೆಲ್ಲ ಹುಡುಕುತ್ತಾರೆ. ನಾವೆಲ್ಲ ಪುಟ್ಟ ಪುಟ್ಟ ಚೌಕಗಳಲ್ಲಿ ಕುಳಿತು ನೋಡುತ್ತೇವೆ. ಯಾರೂ ಹೇಳುವುದಿಲ್ಲ. ಮೈಕ್ ಆನ್ ಮಾಡಿ ಅಷ್ಟು ಚಿಕ್ಕ ವಿಷಯ ಹೇಳುವುದೇ... ಬೆಂಚಿನ ಮೇಲಿದ್ದರೆ ಹೇಳುತ್ತಿದ್ದೆವು.

ಚಾವಣಿ ದುರಸ್ತಿ ಎಂದು ಕಳೆದ ವರ್ಷ ವಿಶ್ವವಿದ್ಯಾಲಯದ ತರಗತಿಗಳನ್ನೆಲ್ಲ ಆನ್‌ಲೈನ್ ಮಾಡಿದರು. ತಾತ್ಕಾಲಿಕ ಅಂದರು. ಅಧಿಕಾರದಲ್ಲಿರುವವರ ಭಾಷೆಯಲ್ಲಿ 'ತಾತ್ಕಾಲಿಕ'ಕ್ಕಿಂತ ಉದ್ದನೆಯ ಪದ ಇನ್ನೊಂದಿಲ್ಲ. (ಎಲ್ಲಾದರೂ ಬಳಸಬೇಕು ಇದನ್ನು.)

ಫೋನು ಅಮ್ಮನದು. ಪಾಠ ಅರ್ಧದಲ್ಲಿರುವಾಗ ಕೆಳಗಿಂದ ಕೂಗಿದಳು. ಯಾರದೋ ಕೋಟು ಇಸ್ತ್ರಿಯಾಗಿದೆ, ಅವರಿಗೆ ಫೋನ್ ಮಾಡಬೇಕು. ಕೊಟ್ಟೆ. ಪ್ರಮಾಣ ವಿಚಲನೆ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇತಿಹಾಸ ಹೇಳಿಕೊಡಲಿ.

ಜನವರಿ 15, ಮಧ್ಯಾಹ್ನ

ಪೋರ್ಟಲ್‌ನಲ್ಲಿ ಸಮೀಕ್ಷೆ ಬಂದಿದೆ. 'ಆನ್‌ಲೈನ್ ಕಲಿಕೆಗೆ ವಿದ್ಯಾರ್ಥಿಗಳ ಸಿದ್ಧತೆ ಮತ್ತು ತೃಪ್ತಿ.' ನಮ್ಮ ಮೇಷ್ಟ್ರೇ ತಯಾರಿಸಿದ್ದಂತೆ. ಪಾಠ ಬಿಟ್ಟು ವಿಶ್ವವಿದ್ಯಾಲಯ ಅವರಿಗೆ ಬೇರೊಂದು ಕೆಲಸ ಕೊಟ್ಟಿದ್ದು ಇದೇ ಮೊದಲಂತೆ. ಹೇಳುವಾಗ ಮುಖ ಅರಳಿತ್ತು, ಪಾಪ.

ಉತ್ತರಿಸಲು ಕುಳಿತೆ. ಮನೆಯಲ್ಲಿ ಸಾಧನವಿದೆಯೇ? ಇದೆ, ಅಮ್ಮನ ಜೇಬಿನಲ್ಲಿ. ಆದರೆ 'ಅಮ್ಮನ ಜೇಬಿನಲ್ಲಿ' ಎಂಬ ಆಯ್ಕೆ ಇಲ್ಲ. ಪ್ರಶಾಂತವಾದ ಕೋಣೆಯಿದೆಯೇ? ಯಂತ್ರ ನಿಂತಾಗ ಇದೆ. ಒಟ್ಟಾರೆ ತೃಪ್ತಿ? 'ಕಿಂಚಿತ್ತೂ ಇಲ್ಲ' ಒತ್ತಿದೆ, ಬೆರಳು ನೋಯುವಷ್ಟು ಗಟ್ಟಿಯಾಗಿ. ಕಳುಹಿಸು ಎಂದೆ. ಬಿಳಿ ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು... ಅಷ್ಟರಲ್ಲಿ ಕೋಟಿನವರ ಫೋನು. ಬಟನ್ ಒಂದು ಕಡಿಮೆಯಂತೆ.

ಹೋಯಿತೋ ಇಲ್ಲವೋ ತಿಳಿಯದು.

ಜನವರಿ 20, ಸೋಮವಾರ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ಫಲಿತಾಂಶ ಬಂತು. ನೂರಕ್ಕೆ ತೊಂಬತ್ತರಷ್ಟು ವಿದ್ಯಾರ್ಥಿಗಳು ಆನ್‌ಲೈನ್ ಕಲಿಕೆಗೆ ಸಿದ್ಧರಂತೆ, ತೃಪ್ತರಂತೆ! ಹಾಗಾಗಿ ಮುಂದಿನ ಅವಧಿಯಿಂದ ಪಾಠಗಳೆಲ್ಲ ಕಾಯಂ ಆನ್‌ಲೈನ್. ದುರಸ್ತಿಯಾದ ಕಟ್ಟಡ ಆಡಳಿತ ಕಚೇರಿಗೆ. ಫೆಬ್ರವರಿ ಹನ್ನೆರಡಕ್ಕೆ ಅಕಾಡೆಮಿಕ್ ಕೌನ್ಸಿಲ್ ಒಪ್ಪಿಗೆ ಕೊಟ್ಟರೆ ಮುಗಿಯಿತು. ವರದಿಯ ಕೊನೆಯ ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು: 'ಉತ್ತರಿಸದವರಿಗೆ ದೂರುಗಳಿಲ್ಲವೆಂದು ಭಾವಿಸಲಾಗಿದೆ.'

ಭಾವಿಸಲಾಗಿದೆ! ಯಾರು ಭಾವಿಸಿದ್ದು? ಯಾರ ಅಪ್ಪಣೆ ಮೇಲೆ ಭಾವಿಸಿದ್ದು?

ಇನ್ನೂ ಇದೆ. ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಮೇಷ್ಟ್ರು ಹೆಸರುಗಳನ್ನು ಓದಿದರು. ಮೊದಲ ಹೆಸರೇ ಮೌನಿಯದು.

ಮೌನಿ ಅಂದರೆ ಮೊದಲ ವರ್ಷ ನನ್ನ ಬೆಂಚಿನ ಪಕ್ಕದವಳು. ಆಗ ಆ ಹೆಸರಿರಲಿಲ್ಲ. ಬಾಯಿ ತೆರೆದರೆ ಮುಚ್ಚದವಳು. ಆನ್‌ಲೈನ್ ಆದ ಮೇಲೆ ಅವಳ ಚೌಕ ಕಪ್ಪಗೇ ಇರುತ್ತದೆ. ಒಮ್ಮೊಮ್ಮೆ ಬೆಳಗಿ, ಅರ್ಧ ತೆರೆದ ಬಾಯಿ ಹಾಗೇ ನಿಂತು, ಮಾಯವಾಗುತ್ತದೆ. ಅದಕ್ಕೇ ತರಗತಿಯವರು ಮೌನಿ ಅಂದರು. ನಾನೂ ಅಂದೆ. ಅವಳಿಗೆ ಓದು ಬೇಡವಾಯಿತೇನೋ ಎಂದುಕೊಂಡಿದ್ದೆ... ಅವಳ ವರ್ಷ ಹೋಗುತ್ತದೆ. ಮನೆಯಲ್ಲಿ ಇನ್ನೊಂದು ವರ್ಷ ಓದಿಸುವುದಿಲ್ಲ, ಅವಳೇ ಹೇಳಿದ್ದಳು ಹಿಂದೆ.

ಇದನ್ನು ತಡೆಯದಿದ್ದರೆ ಮಾವನ ಪ್ರೆಸ್ಸಿನಲ್ಲಿ ನಾನು ಓದಿದ ಕರಪತ್ರಗಳೆಲ್ಲ ಬರೀ ಪೊಟ್ಟಣ ಕಟ್ಟುವ ಕಾಗದ.

ಜನವರಿ 21

ಬರೆದೆ. ಕರಪತ್ರ, ಒಂದೇ ಪಟ್ಟಿಗೆ. ಶೀರ್ಷಿಕೆ: 'ಏಳಿ! ನಿಮ್ಮ ತೃಪ್ತಿಯನ್ನು ಕದ್ದಿದ್ದಾರೆ!' ಕೆಳಗೆ: 'ತರಗತಿಗಳನ್ನು ತೆರೆಯಿರಿ! ಹಾಜರಿಯ ಹಿಂಸೆ ನಿಲ್ಲಲಿ! ಚೌಕಗಳಿಂದ ಹೊರಗೆ ಬನ್ನಿ!' 'ತಾತ್ಕಾಲಿಕ'ದ ಸಾಲನ್ನೂ ಸೇರಿಸಿದೆ. ಪಿಡಿಎಫ್ ಮಾಡಿ ತರಗತಿಯ ಗುಂಪಿಗೆ ಹಾಕಿದೆ.

ಸಂಜೆಯೊಳಗೆ ಹೆಬ್ಬೆರಳುಗಳ ಸುರಿಮಳೆ. ಒಬ್ಬ ಬೆಂಕಿಯ ಚಿತ್ರ ಹಾಕಿದ. ಇಬ್ಬರು ಮುಷ್ಟಿ. ಇಡೀ ತರಗತಿ ನನ್ನ ಬೆನ್ನಿಗಿದೆ! ಅಮ್ಮನಿಗೆ ತೋರಿಸಿದೆ. ಓದಿದಳು. "ಇಷ್ಟು ಜನ ಹೆಬ್ಬೆರಳು ಎತ್ತಿದ್ದಾರಲ್ಲ, ನಾಳೆ ಎಷ್ಟು ಜನ ಕಾಲೆತ್ತುತ್ತಾರೆ ನೋಡು" ಅಂದು ಫೋನು ಜೇಬಿಗಿಳಿಸಿದಳು.

ಅಮ್ಮನಿಗೆ ಚಳವಳಿ ಅರ್ಥವಾಗುವುದಿಲ್ಲ.

ಜನವರಿ 22

ರಿಜಿಸ್ಟ್ರಾರ್ ಕಚೇರಿ ಎದುರು ಹತ್ತು ಗಂಟೆಗೆ ಸೇರಬೇಕೆಂದು ಕರೆ ಕೊಟ್ಟಿದ್ದೆ. ಸೇರಿದೆ. ನಾನು.

ಬೆಂಕಿ ಹಾಕಿದವನಿಗೆ ನೆಗಡಿ.

ಜನವರಿ 26, ಭಾನುವಾರ. ಸಂಜೆ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಮೌನಿಯ ಮನೆಗೆ ಹೋಗಿದ್ದೆ. ಬಸ್ಸಿಳಿದು ಕಲ್ಲು ಕ್ವಾರಿಯ ದಾರಿ. ಅವಳ ಅಪ್ಪ ಅಲ್ಲಿ ಕಲ್ಲು ಒಡೆಯುವ ಕ್ರಷರ್ ಯಂತ್ರದ ಕೆಲಸಗಾರ. ಎಲೆಗಳ ಮೇಲೆಲ್ಲ ಬಿಳಿ ಧೂಳು. ಕೆಲಸಗಾರರ ಸಾಲು ಮನೆಗಳಲ್ಲಿ ಕೊನೆಯದು ಅವರದು. ಮನೆಯಲ್ಲಿರಲಿಲ್ಲ. ಅವಳ ಅಣ್ಣ ಮೇಲಕ್ಕೆ ಕೈ ತೋರಿಸಿದ. ನೀರಿನ ಟ್ಯಾಂಕಿನ ಏಣಿಯ ನಡುವೆ, ಕಬ್ಬಿಣದ ಕಟ್ಟೆಯ ಮೇಲೆ, ಶಾಲು ಹೊದ್ದು ಕುಳಿತಿದ್ದಾಳೆ. ತೊಡೆಯ ಮೇಲೆ ಪುಸ್ತಕ. ಓದು ಬೇಡವಾದವಳಂತೆ!

ಹತ್ತಿದೆ. ಕಾಲು ನಡುಗಿತು, ಹೇಳಲಿಲ್ಲ. ನೋಡಿದವಳೇ ಮಾತು ಶುರು. ಒಂದು ವರ್ಷದ್ದನ್ನು ಒಟ್ಟಿಗೇ ಸುರಿದಳು. ಸಿಗ್ನಲ್ ಬರುವುದು ಇಲ್ಲಿ ಮಾತ್ರವಂತೆ, ಅದೂ ಕ್ರಷರ್ ನಿಂತಾಗ, ಗಾಳಿ ಇಲ್ಲದಾಗ. ಪಾಠಕ್ಕೆ ಸೇರುವುದು, ಬೀಳುವುದು, ಮತ್ತೆ ಸೇರುವುದು. ಗಂಟೆಯುದ್ದಕ್ಕೂ ಇದ್ದರೆ ಮಾತ್ರ ಪೋರ್ಟಲ್ ಹಾಜರಿ ಹಾಕುತ್ತದೆ. ಸಮೀಕ್ಷೆ? ಯಾವ ಸಮೀಕ್ಷೆ? ಅವಳಿಗೆ ಗೊತ್ತೇ ಇಲ್ಲ. ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದೂ ನನ್ನ ಬಾಯಿಂದಲೇ ತಿಳಿದಿದ್ದು. ಅಪ್ಪನಿಗೆ ಹೇಳಬೇಡ ಅಂದಳು.

ನಾನು ಎದೆಯುಬ್ಬಿಸಿ, ಹೆದರಬೇಡ, ನನ್ನ ಕರಪತ್ರ ಓದಿದೆಯಲ್ಲ ಅಂದೆ.

"ಯಾವ ಕರಪತ್ರ?"

"ಗುಂಪಿಗೆ ಹಾಕಿದ್ದೆನಲ್ಲ. ಪಿಡಿಎಫ್."

ನನ್ನನ್ನೇ ನೋಡಿದಳು. "ನೆಟ್ ಇಲ್ಲದವರ ಬಗ್ಗೆ ಬರೆದು ನೆಟ್‌ನಲ್ಲಿ ಹಾಕಿದೆಯಾ?"

ಏಣಿಯ ಮೇಲೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಮಾತು ತಿರುಗಿಸಲೆಂದು ಮೇಷ್ಟ್ರ ಅಣಕ ಮಾಡಿದೆ. ಅವಳಿಗೆ ಪಾಠದ ಆರಂಭ ಒಂದು ದಿನವೂ ಸಿಕ್ಕಿಲ್ಲವಂತೆ. ಇಲ್ಲದ ಕನ್ನಡಕ ಹಣೆಗೇರಿಸಿ, "ಕೇಳಿಸ್ತಿದೆಯಾ? ಕೇಳಿಸದವರು ಕೈ ಎತ್ತಿ. ಯಾರೂ ಇಲ್ಲ. ಒಳ್ಳೇದು" ಅಂದೆ.

ಮೌನಿಯ ಕೈಯಿಂದ ಪುಸ್ತಕ ಜಾರಿತು.

"ಏನಂದ್ರು? ಇನ್ನೊಂದ್ಸಲ ಹೇಳು."

ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಂಬಿ ಹಿಡಿದುಕೊಳ್ಳೇ, ಬೀಳ್ತೀಯ ಅಂದೆ. ನಗುತ್ತಲೇ ಕಣ್ಣೊರೆಸಿಕೊಂಡಳು. "ಕೇಳಿಸದವನಿಗೆ ಕೈ ಎತ್ತು ಅಂದಿದ್ದು ಹೇಗೆ ಕಣೇ ಕೇಳಿಸುತ್ತೆ? ಒಂದು ವರ್ಷ ದಿನಾ ಇದೇ ಕೇಳಿದ್ರಾ? ದಿನಾ ನೀವೆಲ್ಲ ಸುಮ್ಮನಿದ್ರಾ?"

ಸುಮ್ಮನಿದ್ದೆವು. ದಿನವೂ ಕೇಳಿಸಿಕೊಂಡೆ, ಒಂದು ದಿನವೂ ಕೇಳಲಿಲ್ಲ. ಸಮೀಕ್ಷೆಯೂ ಅದೇ ಅಲ್ಲವೇ. ಪೋರ್ಟಲ್ ತೆರೆಯಲಾಗದವರಿಗೆ ಪೋರ್ಟಲ್ ತೆರೆದು ಹೇಳಿ ಅಂದರು. ನನ್ನ ಪಿಡಿಎಫ್ಫೂ ಅದೇ. ಮೂರೂ ಒಂದೇ ಅಚ್ಚಿನವು.

"ನೀನೂ ಮೇಷ್ಟ್ರ ಥರಾನೇ ಬಿಡು" ಅಂದಳು. "ಕನ್ನಡಕ ಒಂದು ಇಲ್ಲ."

ಇಳಿಯುವಾಗ ಅವಳೇ ನನ್ನ ಕೈ ಹಿಡಿದಳು. ಕಾಲು ನಡುಗಿದ್ದನ್ನು ನೋಡಿದ್ದಳು.

ಜನವರಿ 27

ಮಾವನ ಪ್ರೆಸ್ಸಿಗೆ ಹೋದೆ. ಅಮ್ಮನ ತಮ್ಮ. ನನಗೆ ಓದು ಹತ್ತಿದ್ದೇ ಅಲ್ಲಿ. ಚಿಕ್ಕಂದಿನಲ್ಲಿ ಮಿಕ್ಕ ಕರಪತ್ರಗಳ ರಾಶಿಯ ಮೇಲೆ ಮಲಗಿಸುತ್ತಿದ್ದರು, ಎದ್ದು ಅದನ್ನೇ ಓದುತ್ತಿದ್ದೆ. ಅದಕ್ಕೇ ಮಾವ ನನ್ನನ್ನು ಕರೆಯುವುದು 'ಕರಪತ್ರ' ಅಂತಲೇ. ಇಡೀ ಊರು ಕಂಪ್ಯೂಟರಿಗೆ ಹೋದರೂ ಅವರದು ಇನ್ನೂ ಮೊಳೆ ಜೋಡಿಸುವ ಪ್ರೆಸ್ಸು. ಒಂದೊಂದು ಅಕ್ಷರವೂ ಒಂದೊಂದು ಸೀಸದ ತುಂಡು.

ಬರೆದದ್ದನ್ನು ಕೊಟ್ಟೆ. ಈ ಸಲ ಕಾಗದದ ಮೇಲೆ, ಕೈಯಿಂದ ಕೈಗೆ. ಮಾವ ಓದುತ್ತ ಓದುತ್ತ ಏನನ್ನೋ ಎಣಿಸುವಂತೆ ಬೆರಳು ಮಡಚಿದರು.

"ಕರಪತ್ರ, ಇದು ಆಗಲ್ಲ."

ಹೆದರಿಕೆಯೇ ಮಾವ ಅಂದೆ. ಸರ್ಕಾರಕ್ಕೆ ಹೆದರದವನು ನಾನು, ಮೊಳೆ ಇಲ್ಲ ಅಂದರು. ಆಶ್ಚರ್ಯಸೂಚಕ ಚಿಹ್ನೆಯ ಮೊಳೆಗಳೆಲ್ಲ ಕಳೆದ ಚುನಾವಣೆಯಲ್ಲಿ ಸವೆದು ಹೋಗಿವೆ. ಕಪಾಟಿನ ಆ ಖಾನೆಯಲ್ಲಿ ಬರೀ ಧೂಳು.

"ಪ್ರಶ್ನಾರ್ಥಕ ಬೇಕಾದಷ್ಟಿದೆ. ಅದನ್ನ ಯಾರೂ ಕೇಳಲ್ಲ. ಅದು ಹಾಕಿಕೊಡ್ಲಾ?"

ತಮಾಷೆಗೆ ಅಂದರು. ನಾನು ಸಿಟ್ಟಿನಲ್ಲಿ ಹೊರಟೆ. ಬಾಗಿಲ ತನಕ ಹೋಗಿ ನಿಂತೆ. ತಲೆಯಲ್ಲೇ ಸಾಲು ತಿರುಗಿಸಿ ನೋಡಿದೆ. 'ತರಗತಿಗಳನ್ನು ತೆರೆಯಿರಿ!' 'ತರಗತಿ ತೆರೆದರೆ ಬರುತ್ತೀರಾ?'

ಮೊದಲನೆಯದಕ್ಕೆ ಹೆಬ್ಬೆರಳು ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾಗುತ್ತದೆ.

ವಾಪಸ್ ಬಂದು ಅಲ್ಲೇ ಕುಳಿತು ಎಲ್ಲವನ್ನೂ ಕಿತ್ತು ಬರೆದೆ. ನಾಲ್ಕೇ ಸಾಲು ಉಳಿದವು.

ಪಾಠ ಕೇಳಿಸುತ್ತಿದೆಯೇ?
ಯಾವಾಗ ಕೇಳಿಸುವುದಿಲ್ಲ?
ಕೇಳಿಸದಾಗ ಯಾರಿಗೆ ಹೇಳಿದಿರಿ?
ತರಗತಿ ತೆರೆದರೆ ಬರುತ್ತೀರಾ?

ಮಾವ ಓದಿದರು. ಈ ಸಲ ಬೆರಳು ಮಡಚಲಿಲ್ಲ. ಏಪ್ರನ್ ಕಟ್ಟಿಕೊಂಡರು.

ಫೆಬ್ರವರಿ 8, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಕಾಲಿಗೆ ಬಿಡುವಿದ್ದರೆ ತಾನೇ ಕೈಗೆ.

ಮೌನಿ, ನಾನು, ಅಚ್ಚಾದ ಪ್ರಶ್ನೆಗಳನ್ನು ಹಿಡಿದು ಮನೆ ಮನೆಗೆ. ಮೊದಲು ತರಗತಿಯ ಕಪ್ಪು ಚೌಕದವರು, ಅವರು ಹೇಳಿದ ಇನ್ನೊಬ್ಬರು, ಆಮೇಲೆ ಬೇರೆ ವಿಭಾಗದವರು. ಕೇಳಿದವರು ಒಂದಷ್ಟು ಹಾಳೆ ಕಿತ್ತುಕೊಂಡು ತಾವೂ ಹೊರಟರು. ಬೆಂಕಿ ಹಾಕಿದವನೂ ಬಂದ. ನೆಗಡಿ ವಾಸಿಯಾಗಿದೆ. ಕೂಗು ಅಂದರೆ ಬಾರದವನು ಕೇಳು ಅಂದರೆ ಬಂದ. ಬಾಗಿಲು ತಟ್ಟುವುದರಲ್ಲಿ ನನಗಿಂತ ಜಾಣ.

ಕಂಡದ್ದು ಎಷ್ಟೋ. ಒಬ್ಬ ನಿಂತ ಲಾರಿಯ ಕ್ಯಾಬಿನ್ನಿನಲ್ಲಿ ಪಾಠ ಕೇಳುತ್ತಾನೆ, ಚಾಲಕ ಬಂದರೆ ಪಾಠ ಮುಗಿದಂತೆ. ಇಬ್ಬರು ಅಕ್ಕತಂಗಿಯರಿಗೆ ಒಂದೇ ಫೋನು, ಇಬ್ಬರಿಗೂ ಒಂದೇ ಹೊತ್ತಿನ ಪಾಠ. ಅಕ್ಕನ ಪಕ್ಕ ಕೂತು ಕೇಳಿ ಕೇಳಿ ತಂಗಿ ಅವಳ ರಸಾಯನಶಾಸ್ತ್ರವನ್ನೇ ಕಲಿತುಬಿಟ್ಟಿದ್ದಾಳೆ, ತನ್ನ ಭೂಗೋಳ ಬಾರದು. ಇನ್ನೊಬ್ಬಳಿಗೆ ಸ್ವಂತ ಕೋಣೆ, ಒಳ್ಳೆಯ ಲ್ಯಾಪ್‌ಟಾಪ್, ಗೋಡೆಗೆ ಮಿನುಗುವ ವೈಫೈ ಪೆಟ್ಟಿಗೆ. ಇವಳು ತೃಪ್ತಳು ಎಂದು ಬರೆದುಕೊಳ್ಳಲು ಹೊರಟೆ. "ಎಲ್ಲ ಇದೆ" ಅಂದಳು. "ಜಗಳ ಆಡೋಕೆ ಒಬ್ಬರೂ ಇಲ್ಲ." ಕಾಫಿ ಕೊಟ್ಟು ಎರಡು ಗಂಟೆ ಬಿಡಲಿಲ್ಲ.

ಮತ್ತೆ ಬಾಣಂತಿ. ನಮ್ಮ ತರಗತಿಯವಳೇ, ಮದುವೆಯಾದವಳು. ಮಗುವಿಗೆ ಹಾಲೂಡಿಸುತ್ತ ನಮ್ಮ ಪ್ರಶ್ನೆ ಓದಿದಳು. ಕೇಳಿಸುತ್ತಿದೆಯೇ, ಕೇಳಿಸುತ್ತಿದೆ. ತೆರೆದರೆ ಬರುತ್ತೀರಾ, ಇಲ್ಲ.

"ಇವನು ತೊಡೆ ಮೇಲಿದ್ದಾಗಲೇ ನಾನು ಎರಡು ಪೇಪರ್ ಪಾಸಾದೆ ಕಣೇ. ನಿನ್ನ ಬಾಗಿಲು ತೆಗೆಯೋ ಭರದಲ್ಲಿ ನನ್ನ ಕಿಟಕಿ ಮುಚ್ಚಿಸ್ಬೇಡ."

ಹೊರಗೆ ಬಂದು ಆ ಹಾಳೆಯನ್ನು ಹಾಗೇ ಹಿಡಿದು ನಿಂತೆ. ಇದನ್ನು ಸೇರಿಸಿದರೆ ನಮ್ಮ ಕೂಗು ತೆಳುವಾಗುತ್ತದೆ, ಇದೊಂದು ಬಿಟ್ಟರೆ ಏನು ಅಂದೆ. ಮೌನಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಎಲ್ಲದರ ಮೇಲಿಟ್ಟಳು. "ಉತ್ತರಿಸದವರನ್ನ ಅವರು ಬಿಟ್ರು. ಉತ್ತರಿಸಿದವಳನ್ನ ನೀನು ಬಿಡ್ತೀಯಾ?"

ಇವಳು ಕರಪತ್ರ ಓದಿದವಳೇ ಅಲ್ಲ. ಎಲ್ಲಿಂದ ಬರುತ್ತದೆ ಇದೆಲ್ಲ?

ಬಾಣಂತಿ ಹೇಳಿದ್ದು ಸರಿ. ನಮ್ಮ ಬೇಡಿಕೆ ಬದಲಾಯಿತು. ಬಾಗಿಲೂ ಬೇಕು, ಕಿಟಕಿಯೂ ಇರಲಿ.

ಫೆಬ್ರವರಿ 10, ಸೋಮವಾರ. ಸಂಜೆ

ಮೇಷ್ಟ್ರ ಮನೆಗೆ ಹೋದೆವು. ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಸ್ಥಾಪಿತ ಹಿತಾಸಕ್ತಿ ಅನ್ನುವ ಮಾತು ಮೂರು ಕಡೆ ಇತ್ತು. ಬಾಗಿಲು ತೆಗೆದರು. ಕನ್ನಡಕ ಹಣೆಯ ಮೇಲೆ. ಭಾಷಣ ಅಲ್ಲೇ ಬತ್ತಿತು.

ಮೌನಿಯನ್ನು ನೋಡಿ ಯಾರಮ್ಮ ನೀನು ಅಂದರು. ಹೇಳಿದಳು. ನಿನ್ನ ಧ್ವನಿ ಹೀಗಿದೆಯಾ ಅಂದರು. ನಮಗೆ ಅವರ ಪಾಠ ಶುರುವಾದದ್ದೇ ಆನ್‌ಲೈನ್ ಆದ ಮೇಲೆ.

ಹಾಳೆಗಳನ್ನು ಒಂದೊಂದೇ ಓದಿದರು. ಮೂರನೆಯ ಪ್ರಶ್ನೆಗೆ ಹೆಚ್ಚಿನವರು ಬರೆದ ಉತ್ತರ ಒಂದೇ: ಯಾರಿಗೂ ಹೇಳಲಿಲ್ಲ, ಹೇಳಲು ಕೇಳಿಸಬೇಕಲ್ಲ. ಅಲ್ಲಿಗೆ ಬಂದವರು ನಿಲ್ಲಿಸಿದರು.

"ಕೇಳಿಸದವರು ಕೈ ಎತ್ತಿ" ಎಂದು ತಮಗೆ ತಾವೇ ಹೇಳಿಕೊಂಡರು. "ಒಂದು ವರ್ಷ ಅಂದೆ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡೋನು."

ಕೊನೆಯ ಪುಟದ ಆ ಇರುವೆ ಸಾಲು ಅವರದಲ್ಲವಂತೆ, ಕಚೇರಿ ಸೇರಿಸಿದ್ದು. ತೆಗೆಸಬೇಕಿತ್ತು, ಕೆಲಸ ಕೊಟ್ಟರಲ್ಲ ಎಂಬ ಖುಷಿಯಲ್ಲಿ ಬಿಟ್ಟೆ ಅಂದರು. ಕೌನ್ಸಿಲ್‌ನಲ್ಲಿ ತಾವೇ ಹೇಳುತ್ತಾರಂತೆ. ನಮ್ಮನ್ನೂ ಕರೆದುಕೊಂಡು ಹೋಗುತ್ತಾರಂತೆ. ಮಾತಾಡಲು ಬಿಡುತ್ತಾರೋ ಇಲ್ಲವೋ, ಅದು ಅವರ ಕೈಯಲ್ಲಿಲ್ಲ.

ಬಯ್ಯಲು ಹೋಗಿದ್ದೆ. ಬರುವಾಗ ಕಾಲಿಗೆರಗಬೇಕು ಅನ್ನಿಸಿತು. ಎರಡೂ ಮಾಡಲಿಲ್ಲ.

ಫೆಬ್ರವರಿ 12, ಮಧ್ಯಾಹ್ನ 3, ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ

ಈಗಲೇ ಬರೆಯಬೇಕು. ಬಿಸಿ ಆರುವ ಮುಂಚೆ.

ದೊಡ್ಡ ಸಭಾಂಗಣ. ಹೊಸ ಚಾವಣಿಯ ಸುಣ್ಣದ ವಾಸನೆ. ಉದ್ದನೆಯ ಮೇಜು, ಗೋಡೆಯ ತುಂಬ ಪರದೆ. ಕುಲಪತಿಗಳು ಬೇರೆ ಊರಿನಲ್ಲಿದ್ದಾರೆ, ಪರದೆಯಲ್ಲಿ ಬಂದರು. ಗೋಡೆಯಷ್ಟು ದೊಡ್ಡ ಮುಖ. ಮೌನಿ, ನಾನು ಬಾಗಿಲ ಪಕ್ಕದ ಕುರ್ಚಿಗಳಲ್ಲಿ. ಹಾಳೆಗಳ ಕಟ್ಟು ಅವಳ ಮಡಿಲಲ್ಲಿ, ಭಾಷಣ ನನ್ನ ಮುಷ್ಟಿಯಲ್ಲಿ.

ರಿಜಿಸ್ಟ್ರಾರ್ ವರದಿ ಓದಿದರು. ಮೇಷ್ಟ್ರು ಎದ್ದು, ಈ ಸಮೀಕ್ಷೆಯನ್ನು ನಾನೇ ಹಿಂದೆಗೆದುಕೊಳ್ಳುತ್ತೇನೆ ಅಂದರು. ಕಾರಣ ಹೇಳಲು ಬಾಯಿ ತೆರೆದರು. ರಿಜಿಸ್ಟ್ರಾರ್ ಕೈ ಅಡ್ಡ ಮಾಡಿದರು. ವರದಿ ಅಂಗೀಕಾರವಾಗಿದೆ, ಚರ್ಚೆಯ ಹಂತ ಮುಗಿದಿದೆ, ಉಳಿದದ್ದು ಕುಲಪತಿಗಳ ಒಪ್ಪಿಗೆ ಮಾತ್ರ. ಪರದೆಯ ಕಡೆ ತಿರುಗಿ ಬಾಗಿದರು.

"ಸರ್, ತಮ್ಮ ಆಕ್ಷೇಪಣೆ ಏನಾದ್ರೂ ಇದ್ರೆ..."

ಗೋಡೆಯ ಮುಖ ಅಲುಗಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಮುಗುಳ್ನಕ್ಕಂತೆ. ರಿಜಿಸ್ಟ್ರಾರ್ ಒಂದು ಉಸಿರಿನಷ್ಟು ಕಾದರು.

"ಇಲ್ಲ. ಒಳ್ಳೇದು. ಬರ್ಕೊಳ್ಳಿ, ಒಪ್ಪಿದ್ದಾರೆ."

ಗುಮಾಸ್ತ ಬರೆದುಕೊಳ್ಳತೊಡಗಿದ. ನಾನು ಏಳಬೇಕೆಂದೆ. ಅಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು.

ಮೌನಿ ನಿಂತಿದ್ದಳು. ಕೈ ಎತ್ತಿಕೊಂಡು.

"ಸರ್, ಅವರು ಒಪ್ಪಿಲ್ಲ. ಅವರಿಗೆ ಕೇಳಿಸ್ತಾ ಇಲ್ಲ."

ಯಾರಿದು, ಯಾರು ಬಿಟ್ಟರು ಎಂದು ರಿಜಿಸ್ಟ್ರಾರ್. ಅವಳು ಕೈ ಇಳಿಸಲಿಲ್ಲ. ಧ್ವನಿಯನ್ನೂ ಏರಿಸಲಿಲ್ಲ.

"ನಂಗೆ ಗೊತ್ತು ಸರ್. ಆ ಮುಖ ನಂದು. ವರ್ಷ ಪೂರ್ತಿ ಹಾಗೇ ಬಾಯಿ ತೆಕ್ಕೊಂಡು ನಿಂತಿದ್ದೆ, ನೀರಿನ ಟ್ಯಾಂಕ್ ಮೇಲೆ. ನೀವು ನಂದನ್ನೂ ತೃಪ್ತಿ ಅಂತಲೇ ಬರ್ಕೊಂಡ್ರಿ."

ಮೇಜಿನ ಆ ಕಡೆ ಯಾರೋ ಒಬ್ಬರು ಪಕ್ಕನೆ ನಕ್ಕರು. ನಗು ಹರಡಿತು. ಎಲ್ಲರೂ ಪರದೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಪರದೆ. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಗುಮಾಸ್ತನ ಪೆನ್ನೂ ನಿಂತಿತು.

ಆಗ ಗೋಡೆಯ ಮುಖ ಕುಲುಕಿತು. ಧ್ವನಿ ತುಂಡು ತುಂಡಾಗಿ ಬಂತು. "ಹಲೋ... ಹಲೋ... ಕೇಳಿಸ್ತಿದೆಯಾ? ರಿಜಿಸ್ಟ್ರಾರ್, ನಾನು ಆಗಿನಿಂದ ಹೇಳ್ತಾ ಇದ್ದೀನಿ. ಆ ಕೊನೇ ಪುಟದ ಸಾಲು ಏನ್ರೀ ಅದು? ತಡೀರಿ ಅಂದೆ, ತಡೀರಿ ಅಂತ. ಯಾರಿಗೂ ಕೇಳಿಸ್ಲಿಲ್ವಾ?"

ರಿಜಿಸ್ಟ್ರಾರ್ ನೀರು ಕುಡಿದರು.

ಆಮೇಲೆ ಎಲ್ಲ ನಡೆಯಿತು. ಹೇಗೆ ಬರೆಯಲಿ... ಕುಲಪತಿಗಳು ಮೌನಿಗೆ ಮಾತಾಡಲು ಹೇಳಿದರು. ಅವಳು ಹಾಳೆಗಳನ್ನು ಓದಿದಳು. ಲಾರಿಯ ಕ್ಯಾಬಿನ್, ಅಕ್ಕತಂಗಿಯರು, ಜಗಳಕ್ಕೆ ಜನವಿಲ್ಲದವಳು. ಬಾಣಂತಿಯದನ್ನು ಎಲ್ಲಕ್ಕಿಂತ ಮೊದಲು ಓದಿದಳು. ಅದನ್ನು ಕೇಳಿದ ಮೇಲೆ ಮೇಜಿನವರು ಮುಂದಕ್ಕೆ ಬಾಗಿದ್ದನ್ನು ನಾನೇ ನೋಡಿದೆ. ನಮಗೆ ವಿರುದ್ಧವಾದದ್ದನ್ನೂ ತಂದವರು ಸುಳ್ಳು ಹೇಳಲಿಕ್ಕಿಲ್ಲ ಎಂದುಕೊಂಡರೇನೋ. ಪರದೆ ಮತ್ತೊಮ್ಮೆ ನಿಂತಿತು. ಈ ಸಲ ಎಲ್ಲರೂ ಕಾದರು.

ತೀರ್ಮಾನ: ತರಗತಿಗಳು ಇಪ್ಪತ್ತನಾಲ್ಕರಿಂದ ಕಟ್ಟಡದಲ್ಲೇ. ಬರಲಾಗದವರಿಗೆ ಆನ್‌ಲೈನ್ ಪಾಠವೂ ಉಂಟು. ಪೋರ್ಟಲ್‌ನ ಹಾಜರಿಯ ಮೇಲೆ ಯಾರನ್ನೂ ಪರೀಕ್ಷೆಯಿಂದ ತಡೆಯುವಂತಿಲ್ಲ. ಮೌನಿ ಪರೀಕ್ಷೆ ಬರೆಯುತ್ತಾಳೆ.

ಗೆದ್ದೆವು. ಗೆದ್ದೆವು. ಗೆದ್ದೆವು.

ನನ್ನ ಭಾಷಣ ಇನ್ನೂ ಮುಷ್ಟಿಯಲ್ಲೇ ಇದೆ, ಬೆವರಿಗೆ ಶಾಯಿ ಹರಡಿದೆ. ಮೌನಿ ಪಕ್ಕದಲ್ಲಿ ಮಾತಾಡುತ್ತಲೇ ಇದ್ದಾಳೆ, ನಾನು ಹೂಂ ಹೂಂ ಅನ್ನುತ್ತಿದ್ದೇನೆ. ಒಂದು ವರ್ಷದ ಬಾಕಿ, ಮಾತಾಡಲಿ.

ಫೆಬ್ರವರಿ 13

ಅಮ್ಮನಿಗೆ ಹೇಳಿದೆ. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಇಡೀ ಕಥೆ ಕೇಳಿದಳು. ಅವಳು ಅದನ್ನು ಬಿಸಿಯಿರುವಾಗ ನಿಲ್ಲಿಸಿದ್ದನ್ನು ನಾನು ನೋಡಿಲ್ಲ. "ಹಾಗಾದ್ರೆ ಇನ್ನು ಫೋನು ನಂದೇ" ಅಂದಳು. ಮುಖ ತಿರುಗಿಸಿಕೊಂಡು ಅಂದಳು. ಸಂಜೆ ನೋಡಿದರೆ ನನ್ನ ಒಂದೇ ಒಳ್ಳೆಯ ಅಂಗಿ ಇಸ್ತ್ರಿಯಾಗಿ ನೇತಾಡುತ್ತಿದೆ. ತರಗತಿಗೆ ಇನ್ನೂ ಹನ್ನೊಂದು ದಿನ ಇದೆ.

ಪ್ರೆಸ್ಸಿಗೂ ಹೋದೆ. ಮಾವ ಕಪಾಟು ಜರುಗಿಸಿ ಗುಡಿಸಿದರಂತೆ. ಬಿದ್ದಿದ್ದ ಒಂದು ಆಶ್ಚರ್ಯಸೂಚಕ ಸಿಕ್ಕಿತಂತೆ. ನನ್ನ ಅಂಗೈಯಲ್ಲಿಟ್ಟರು. ಒಂದೇ ಒಂದು.

"ನೋಡಿ ಖರ್ಚು ಮಾಡು, ಕರಪತ್ರ."

ಜೇಬಿನಲ್ಲಿದೆ. ಚಿಕ್ಕದು, ಆದರೆ ತೂಕವಿದೆ.

ಫೆಬ್ರವರಿ 24, ಸೋಮವಾರ. ತರಗತಿಯಲ್ಲಿ

ಬೆಂಚು. ಮರದ ಬೆಂಚು. ಯಾರೋ ಕೈವಾರದಲ್ಲಿ ಕೊರೆದ ಹೆಸರು ಕೂಡ ಹಾಗೇ ಇದೆ. ಏನೂ ಅದುರುತ್ತಿಲ್ಲ. ನಾನು ಮಾತ್ರ ಇನ್ನೂ ಕಿಟಕಿಯ ಕಡೆಗೇ ವಾಲಿ ಕೂತಿದ್ದೆ, ಮೌನಿ ಕತ್ತು ಹಿಡಿದು ನೆಟ್ಟಗೆ ಮಾಡಿದಳು.

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಜಗಳಕ್ಕೆ ಜನವಿಲ್ಲದವಳಿಗೆ ಮೊದಲ ಹತ್ತು ನಿಮಿಷದಲ್ಲೇ ಜನ ಸಿಕ್ಕಿದ್ದಾರೆ, ಕಿಟಕಿ ಪಕ್ಕದ ಜಾಗಕ್ಕಾಗಿ. ಎಂಥ ಸುಖ ಅವಳ ಮುಖದಲ್ಲಿ. ಮೇಜಿನ ಮೇಲೊಂದು ಪರದೆ ಇಟ್ಟಿದ್ದಾರೆ, ಅದರಲ್ಲಿ ಬಾಣಂತಿ, ತೊಡೆಯ ಮೇಲೆ ಮಗು. ಬೆಂಕಿಯವನು ಮಗುವಿಗೆ ಮುಖ ಕಿವುಚಿ ತೋರಿಸುತ್ತಿದ್ದಾನೆ.

ಮೇಷ್ಟ್ರು ಬಂದರು. ಪುಸ್ತಕ ಇಟ್ಟರು.

"ಕೇಳಿಸ್ತಿದೆಯಾ? ಕೇಳಿಸದವರು..."

ಅಲ್ಲೇ ತಡೆದರು. ವೇದಿಕೆಯಿಂದ ಇಳಿದು, ಸಾಲುಗಳ ನಡುವೆ ನಡೆದು, ಕೊನೆಯ ಬೆಂಚಿನ ತನಕ ಹೋದರು. ಅಲ್ಲಿ ನಿಂತು ಪರದೆಯ ಕಡೆಗೂ ತಿರುಗಿ, ಅಲ್ಲಿಗೂ ಕೇಳಿಸುತ್ತಾ ಎಂದರು. ಬಾಣಂತಿ ಮಗುವಿನ ಕೈ ಹಿಡಿದು ಎತ್ತಿ ಆಡಿಸಿದಳು. ವಾಪಸ್ ಬಂದವರು ಮೇಜಿನ ಮೇಲೆ ಏನೋ ಹುಡುಕತೊಡಗಿದರು. ಪುಸ್ತಕ ಎತ್ತಿದರು, ಇಟ್ಟರು, ಜೇಬು ತಡವಿದರು.

"ಹಣೆ ಮೇಲಿದೆ ಸರ್" ಅಂದಳು ಮೌನಿ.

ಚಾವಣಿ ಹಾರಿ ಹೋಗುವಂತೆ ನಕ್ಕೆವು. ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ ನಕ್ಕರು. ಎಷ್ಟು ದಿನದಿಂದ ಅಲ್ಲಿದೆ, ಯಾರೂ ಹೇಳಬಾರದಾ ಅಂದರು.

ಈಗ ಪಾಠ. ಪ್ರಮಾಣ ವಿಚಲನೆ, ಉಳಿದರ್ಧ. ಜೇಬಿನಲ್ಲಿ ಮಾವನ ಮೊಳೆ ಬೆರಳಿಗೆ ತಗುಲುತ್ತಿದೆ. ಖರ್ಚು ಮಾಡಲೇ ಎಂದು ಯೋಚಿಸುತ್ತಿದ್ದೇನೆ, ಇವತ್ತಿಗಿಂತ ಒಳ್ಳೆಯ ದಿನ ಇನ್ಯಾವ... ಮೌನಿ ಮೊಣಕೈಯಲ್ಲಿ ತಿವಿಯುತ್ತಿದ್ದಾಳೆ. ಕನ್ನಡಕ ಮೂಗಿನ ಮೇಲೆ ಬಂದ ಮೇಲೆ ಮೇಷ್ಟ್ರಿಗೆ ಎಲ್ಲ ಕಾಣಿಸುತ್ತಿದೆ, ನಾನು ಬರೆಯುತ್ತಿರುವುದು ನೋಟ್ಸ್ ಅಲ್ಲ ಅನ್ನುವುದೂ. ಈ ಕಡೆಗೇ ಬರು